ಚಪ್ಪಲಿಗೆ ಮಾನ್ಯತೆ ಸಿಕ್ಕಿತು, ತೊಗಲು ಹದ ಮಾಡಿದವರಿಗೆ?

ಮಾನ್ಯ ಸಂಪಾದಕರೇ,

2025ರ ಜೂನ್‌ನಲ್ಲಿ ಮಿಲಾನ್‌ನ ಫ್ಯಾಷನ್ ಪ್ರದರ್ಶನದಲ್ಲಿ ಇಟಲಿಯ ಪ್ರಾಡಾ ಕಂಪನಿಯು ಕೊಲ್ಹಾಪುರಿಯನ್ನೇ ಹೋಲುವ ಚಪ್ಪಲಿಗಳನ್ನು ಮೂಲದ ಹೆಸರೆತ್ತದೆ ತೋರಿಸಿದಾಗ ದೊಡ್ಡ ಚರ್ಚೆಯೇ ಎದ್ದಿತು. ಈ ಚಪ್ಪಲಿಗೆ 2019ರಲ್ಲಿ ದೊರೆತ ಭೌಗೋಳಿಕ ಸೂಚಿಕೆಯಲ್ಲಿ (ಇಂಥ ಸೀಮೆಯ ವಸ್ತುವೆಂದು ಕೊಡುವ ಜಿಐ ಮಾನ್ಯತೆ) ಮಹಾರಾಷ್ಟ್ರದ ನಾಲ್ಕು ಜಿಲ್ಲೆಗಳ ಜೊತೆಗೆ ನಮ್ಮ ಬೆಳಗಾವಿ, ಧಾರವಾಡ, ಬಾಗಲಕೋಟೆ, ವಿಜಯಪುರಗಳೂ ಇವೆಯೆಂಬುದು ಹಲವರಿಗೆ ಆಗಲೇ ತಿಳಿದದ್ದು. ಅಥಣಿ, ನಿಪ್ಪಾಣಿಗಳ ಕುಶಲಕರ್ಮಿಗಳ ಮಾತು ಮುನ್ನೆಲೆಗೆ ಬಂದದ್ದು ಸಂತೋಷವೇ. ಆದರೆ ಮಾತೆಲ್ಲ ಹೊಲಿಯುವ ಕೈಗಳ ಬಳಿಯೇ ನಿಂತುಬಿಟ್ಟಿತು. ಆ ಕೈಗಳಿಗೆ ತೊಗಲು ಒದಗಿಸುತ್ತಿದ್ದ ಹದಗಾರಿಕೆಯ ಕಸುಬು ಅದರಲ್ಲಿ ಕಾಣಲೇ ಇಲ್ಲ.

ಹಸಿ ತೊಗಲನ್ನು ತೊಳೆದು, ಸುಣ್ಣದ ಗುಂಡಿಯಲ್ಲಿ ದಿನಗಟ್ಟಲೆ ನೆನೆಹಾಕಿ ಕೂದಲು ತೆಗೆದು, ಒಳಮೈಗೆ ಅಂಟಿದ ಮಾಂಸವನ್ನು ಹೆರೆದು, ಸುಣ್ಣ ಬಿಡಿಸಿದ ಮೇಲೆ, ಜಾಲಿ ತೊಗಟೆ ಮತ್ತು ಅಳಲೆಕಾಯಿಯ ಒಗರುನೀರಿನಲ್ಲಿ ಅದನ್ನು ಹದಕ್ಕಿಡುತ್ತಿದ್ದರು. ದಪ್ಪನೆಯ ಎಮ್ಮೆ ತೊಗಲಾದರೆ ಅದನ್ನೇ ಚೀಲದಂತೆ ಹೊಲಿದು, ತೊಗಟೆ ತುಂಬಿ ತೂಗುಹಾಕಿ, ಸೋರಿದ ನೀರನ್ನು ಮತ್ತೆ ಮತ್ತೆ ಮೇಲಿನಿಂದ ಎರೆಯುತ್ತ, ಎರಡೂ ಕಡೆಗೆ ಹದ ಸಮನಾಗಿ ಹಿಡಿಯಲೆಂದು ಕೆಲವು ದಿನಗಳ ಬಳಿಕ ಚೀಲವನ್ನು ತಲೆಕೆಳಗಾಗಿ ಕಟ್ಟುತ್ತಿದ್ದರು. ಸುಣ್ಣ ಹೆಚ್ಚಾದರೆ ತೊಗಲು ಸಡಿಲವಾಗುತ್ತದೆ, ಕಡಿಮೆಯಾದರೆ ಕೂದಲು ಬಿಡುವುದಿಲ್ಲ. ಬೇಸಿಗೆಗೆ ಒಂದು ಲೆಕ್ಕ, ಚಳಿಗೆ ಇನ್ನೊಂದು. ಇಷ್ಟನ್ನೂ ಕೈಬೆರಳಿನಿಂದ ಮುಟ್ಟಿ ಅಳೆಯುತ್ತಿದ್ದವರನ್ನು ರಸಾಯನಶಾಸ್ತ್ರ ಬಲ್ಲವರೆಂದು ಕರೆಯಲು ನಮಗೇಕೆ ಸಂಕೋಚವೋ ತಿಳಿಯದು.

ಇದು ಒಂದೇ ಕಸುಬೂ ಅಲ್ಲ. ಹಳೆಯ ಮೈಸೂರು ಸೀಮೆಯಲ್ಲಿ ಹದಕ್ಕೆ ಬೇಕಾದ ತಂಗಡಿ ಗಿಡದ ತೊಗಟೆ ಸುಲಿದು ತರುವವರೇ ಬೇರೆ ಇದ್ದರು. ಉತ್ತರ ಕರ್ನಾಟಕದಲ್ಲಿ ಹದ ಮಾಡುವವರು ಡೋಹರರು, ಹೊಲಿಯುವವರು ಸಮಗಾರರು. ಬಾವಿಯಿಂದ ಎತ್ತುಗಳ ನೆರವಿನಲ್ಲಿ ನೀರೆತ್ತುವ ಕಪಿಲೆಯ ಚೀಲ, ಎತ್ತಿನ ಮಿಣಿ (ತೊಗಲ ಹಗ್ಗ), ಕಮ್ಮಾರನ ತಿದಿ ಎಲ್ಲವೂ ಈ ಹದವನ್ನೇ ನಂಬಿದ್ದವು. ವಾರಗಟ್ಟಲೆಯ ಕೆಲಸವನ್ನು ಒಂದೆರಡು ದಿನಕ್ಕೆ ಇಳಿಸಿದ, ಕ್ರೋಮಿಯಂ ಲವಣ ಬಳಸುವ ಕ್ರೋಮ್ ಹದ ಮತ್ತು ಕಪಿಲೆಯನ್ನು ಮೂಲೆಗೆ ತಳ್ಳಿದ ಪಂಪ್‌ಸೆಟ್ಟು ಬಂದ ಮೇಲೆ ಊರ ಹದಗುಂಡಿಗಳು ಒಂದೊಂದಾಗಿ ಮುಚ್ಚಿಹೋದವು.

ಅವು ಮತ್ತೆ ತೆರೆಯಲಿ ಎಂಬ ಹಂಬಲ ನನಗಿಲ್ಲ. ಈ ಕೆಲಸವನ್ನು ಹುಟ್ಟಿನ ಕಾರಣಕ್ಕೆ ಹೇರಿ, ಮಾಡಿದವರನ್ನು ಊರಾಚೆ ಇಟ್ಟು, ಅವರು ಮಾಡಿಕೊಟ್ಟ ಮೆಟ್ಟನ್ನು ಮಾತ್ರ ನಾವು ಒಳಗೆ ಕರೆದುಕೊಂಡೆವು. ಅವರ ಮಕ್ಕಳು ಈ ಕಸುಬು ಬಿಟ್ಟದ್ದು ನ್ಯಾಯವೇ. ಬಸವಣ್ಣನವರು ತಮ್ಮ ವಚನದಲ್ಲಿ ತೊಗಲು ಹದ ಮಾಡುವ ಕಾಯಕದ ಶರಣ ಡೋಹರ ಕಕ್ಕಯ್ಯನವರನ್ನು ತಂದೆಯ ಸ್ಥಾನದಲ್ಲಿ ನಿಲ್ಲಿಸಿದ ನಾಡಿನಲ್ಲಿ ಆ ಕಾಯಕದ ಅರಿವು ಬರಹಕ್ಕೆ ಇಳಿಯಬೇಕೆಂಬುದಷ್ಟೇ ನನ್ನ ವಿನಂತಿ.

ಆದ್ದರಿಂದ ರಾಜ್ಯದ ಚರ್ಮ ಕೈಗಾರಿಕಾ ಅಭಿವೃದ್ಧಿ ನಿಗಮವಾದ ಲಿಡ್ಕರ್ ಮತ್ತು ಜಾನಪದ ವಿಶ್ವವಿದ್ಯಾಲಯಗಳು ಸೇರಿ, ಹದಗಾರಿಕೆಯನ್ನು ಕೈಯಾರೆ ಮಾಡಿದ ಹಿರಿಯರು ಇರುವಾಗಲೇ ಅವರ ಉಪಕರಣ, ಅಳತೆ, ಪರಿಭಾಷೆಗಳನ್ನು ಧ್ವನಿ ಮತ್ತು ದೃಶ್ಯಗಳಲ್ಲಿ ದಾಖಲಿಸಬೇಕು. ಹೇಳಿದವರು ಒಪ್ಪಿದರೆ ಅವರ ಹೆಸರೂ ಅದರಲ್ಲಿರಲಿ. ವಿಷಯತಜ್ಞರಿಗೆ ಸಲ್ಲುವ ಗೌರವಧನವೇ ಅವರಿಗೂ ಸಲ್ಲಲಿ.

ಇತಿ,
ಒಬ್ಬ ಓದುಗ, ಬೆಳಗಾವಿ