ಕೊಟ್ಟಿಗೆಯ ಕತೆ ಹರಿದು ಹಾಕಬೇಡ

ಪ್ರೀತಿಯ ತಂಗಿ,

ನಿನ್ನ ಕತೆಗಳನ್ನು ಓದಿದೆ. ಕೊಟ್ಟಿಗೆಯ ಕತೆ ನನಗೆ ತುಂಬ ಹಿಡಿಸಿತು. ನೀನು ಮಾತ್ರ ಅದರ ಬಗ್ಗೆ ಸಂಕೋಚಪಟ್ಟುಕೊಂಡಿದ್ದೀಯ. ದನ, ಕೆರೆ, ಹೊಲ ಎಲ್ಲ ಹಳೇ ಕಾಲದವು, ಇನ್ನು ಆ ಇನ್ನೊಂದು ಕತೆಯ ಹಾಗೆ, ತುಂಡು ವಾಕ್ಯಗಳ ಹೊಸ ರೀತಿಯಲ್ಲಷ್ಟೇ ಬರೆಯುತ್ತೇನೆ ಅಂದಿದ್ದೀಯ. ಅದಕ್ಕೇ ನಿನಗೆ ಚಿತ್ರಕಾರ ಪೀಟ್ ಮಾಂಡ್ರಿಯನ್ ವಿಷಯ ಹೇಳಬೇಕು ಅನ್ನಿಸಿತು.

ಅವನ ಚಿತ್ರ ನೀನು ನೋಡಿಯೇ ಇರುತ್ತೀಯ. ಬಿಳಿ ನೆಲ, ಕಪ್ಪು ಗೆರೆ, ಕೆಂಪು, ನೀಲಿ, ಹಳದಿ ಚೌಕಗಳು. ಬ್ಯಾಗುಗಳ ಮೇಲೂ ಆ ವಿನ್ಯಾಸ ಬಂದಿದೆ. ಆದರೆ 1872ರಲ್ಲಿ ಹುಟ್ಟಿದ ಈ ಡಚ್ ಕಲಾವಿದ ಮೊದಲ ಹದಿನೈದು ಇಪ್ಪತ್ತು ವರ್ಷ ಬರೆದದ್ದು ಹೊಲ, ಹಸು, ಗಾಳಿಯಂತ್ರ, ಕಾಲುವೆ ದಂಡೆಯ ಮರಗಳನ್ನು. ಅಪ್ಪ ಶಾಲೆಯ ಮುಖ್ಯೋಪಾಧ್ಯಾಯರು, ಚಿತ್ರ ಬರೆಯುವುದನ್ನು ಕಲಿಸಿದರು. ಚಿಕ್ಕಪ್ಪ ಫ್ರಿಟ್ಸ್ ಬಯಲಲ್ಲಿ ಕೂತು ಬಣ್ಣ ಹಚ್ಚುವವರು. ಹುಡುಗ ಅದನ್ನೇ ಹಿಡಿದ.

ಆಮ್‌ಸ್ಟರ್‌ಡ್ಯಾಮ್ ಪಕ್ಕದ ಡೌವೆಂಡ್ರೆಖ್ಟ್ ಹತ್ತಿರ ಒಂದು ರೈತನ ಮನೆ. ಮನೆಯ ಮುಂದೆ ಸಣಕಲು ಮರಗಳ ಸಾಲು. ಕೆಳಗೆ ನೀರು, ನೀರಲ್ಲಿ ಮನೆ ಮರಗಳ ನೆರಳು. 1905ರ ಆಸುಪಾಸಿನಿಂದ ಅವನು ಈ ಮನೆಯನ್ನು ಮತ್ತೆ ಮತ್ತೆ ಬರೆದ. ಸೀಸದಕಡ್ಡಿಯಲ್ಲಿ ಬರೆದ, ಎಣ್ಣೆ ಬಣ್ಣದಲ್ಲಿ ಬರೆದ. ನೋಡುತ್ತಾ ಹೋದರೆ ಮನೆಗಿಂತ ಹೆಚ್ಚಾಗಿ ಮರಗಳೇ ಕಣ್ಣಿಗೆ ಬೀಳುತ್ತವೆ. ನೆಟ್ಟಗೆ ನಿಂತ ಕಾಂಡಗಳು, ಅಡ್ಡಲಾಗಿ ಮಲಗಿದ ದಂಡೆ. ಮುಂದೆ ಬರಲಿರುವ ಗೆರೆಗಳೆಲ್ಲ ಇಲ್ಲೇ ಇವೆ ಅಂತ ತುಂಬ ಜನ ಹೇಳುತ್ತಾರೆ. ಅದು ನಿಜವೇ, ಆದರೆ ಅಷ್ಟೇ ಹೇಳಿ ಮುಗಿಸುವುದು ನನಗೆ ಸರಿ ಕಾಣುವುದಿಲ್ಲ. ಈ ಚಿತ್ರಗಳಲ್ಲಿ ಸಂಜೆ ಬೆಳಕಿದೆ, ತಣ್ಣನೆ ನೀರಿದೆ. ಅವನು ಮುಂದೆ ಏನನ್ನೂ ಮಾಡದೆ ಹೋಗಿದ್ದರೂ ನಾನು ಇವನ್ನು ನಿಂತು ನೋಡುತ್ತಿದ್ದೆ.

ಮರದ ವಿಷಯವೂ ಹಾಗೇ. 1908ರಿಂದ 1910ರವರೆಗೆ ಬರೆದ ಕೆಂಪು ಮರದಲ್ಲಿ ಕೊಂಬೆಗಳು ನೀಲಿಯ ಮೇಲೆ ಉರಿಯುತ್ತವೆ. 1911ರ ಬೂದು ಮರದಲ್ಲಿ ಬಣ್ಣ ಹೋಗಿ ಕೊಂಬೆಗಳ ಬಾಗು ಉಳಿದಿದೆ. 1912ರ ಹೂಬಿಟ್ಟ ಸೇಬಿನ ಮರದಲ್ಲಿ ಆ ಬಾಗು ಬಿಟ್ಟರೆ ಮರ ಅನ್ನುವಂಥದ್ದು ಹೆಚ್ಚೇನೂ ಇಲ್ಲ. ಮರವನ್ನು ಅಷ್ಟು ನೋಡಿದ್ದಕ್ಕೇ ಅವನಿಗೆ ಮರವನ್ನು ಬಿಡಲು ಆಯಿತು, ಅಲ್ವಾ? ನಿನ್ನ ಹೊಸ ಕತೆಯಲ್ಲಿ ನನಗೆ ಸಿಗದೇ ಹೋದದ್ದು ಇದೇ. ನೀನು ಊರನ್ನು ತೆಗೆದು ಹಾಕಿದ್ದೀಯ, ಆದರೆ ತೆಗೆಯುವ ಮೊದಲು ಸಾಕಷ್ಟು ನೋಡಿಲ್ಲ. ತುಂಡು ವಾಕ್ಯಗಳು ಸುಮ್ನೆ ತುಂಡಾಗಿಯೇ ಉಳಿದಿವೆ.

ಇನ್ನೊಂದು ಸಂಗತಿ ನನಗೆ ಇನ್ನೂ ಪ್ರಿಯ. ಪ್ಯಾರಿಸ್‌ನಲ್ಲಿದ್ದ ಅವನು 1914ರಲ್ಲಿ ನೆದರ್‌ಲ್ಯಾಂಡ್ಸ್‌ಗೆ ಬಂದಾಗ ಮೊದಲ ಮಹಾಯುದ್ಧ ಶುರುವಾಯಿತು. 1919ರವರೆಗೆ ವಾಪಸ್ ಹೋಗಲು ಆಗಲಿಲ್ಲ. ಆಗ ಒಂದು ಕಡೆ ಸಮುದ್ರವನ್ನು ಬರೀ ಸಣ್ಣ ಅಡ್ಡ ಉದ್ದ ಗೆರೆಗಳಾಗಿ ಬರೆಯುತ್ತಿದ್ದ. ಅದೇ ಹೊತ್ತಿಗೆ, 1916ರ ಸುಮಾರಿಗೆ, ಡೌವೆಂಡ್ರೆಖ್ಟ್‌ನ ಆ ಮನೆಯನ್ನೂ ಮತ್ತೆ ಬರೆದ. ಮನೆ ಮನೆಯಾಗಿಯೇ ಇದೆ, ಮರ ಮರವಾಗಿಯೇ ಇದೆ. ಆ ಚಿತ್ರ ಈಗ ಶಿಕಾಗೊದಲ್ಲಿದೆ. ಮರುವರ್ಷ, 1917ರಲ್ಲಿ, ದ ಸ್ಟೈಲ್ ಅನ್ನುವ ಡಚ್ ಕಲಾ ಪತ್ರಿಕೆ ಹೊರಟಿತು, ಹೊಸ ಕಲೆಯ ಬಗ್ಗೆ ಅವನು ಅದರಲ್ಲಿ ಬರೆಯತೊಡಗಿದ. ಒಂದನ್ನು ಬಿಟ್ಟೇ ಇನ್ನೊಂದಕ್ಕೆ ಹೋಗಬೇಕು ಅನ್ನುವ ಅವಸರ ಅವನಿಗಿರಲಿಲ್ಲ. ನಿನಗೂ ಬೇಡ.

ಕೊಟ್ಟಿಗೆಯನ್ನು ಇನ್ನೊಮ್ಮೆ ಬರೆ. ಬೆಳಗಿನ ಜಾವದ್ದು ಬೇರೆ, ಮಳೆಗಾಲದ್ದು ಬೇರೆ, ದನ ಮಾರಿದ ಮೇಲಿನದ್ದು ಬೇರೆ. ಹಳೇ ಕರಡು ನೋಡಿ ತಿದ್ದಬೇಡ, ಪ್ರತಿ ಸಲವೂ ಹೊಸದಾಗಿ ಶುರು ಮಾಡು. ಯಾವ ಮಾತು ಎಲ್ಲದರಲ್ಲೂ ಮತ್ತೆ ಬರುತ್ತದೋ ಅದರ ಕೆಳಗೆ ಗೆರೆ ಎಳೆದು ನನಗೆ ಕಳಿಸು.

ಹೇಗ್ ನಗರದ ಕುನ್ಸ್ಟ್‌ಮ್ಯೂಸಿಯಂನಲ್ಲಿ ಅವನ ಚಿತ್ರಗಳು ಎಲ್ಲಕ್ಕಿಂತ ಜಾಸ್ತಿ ಇವೆ, ಅವುಗಳ ಫೋಟೋ ಸುಲಭವಾಗಿ ಸಿಗುತ್ತವೆ. ವರ್ಷದ ಪ್ರಕಾರ ನೋಡಬೇಡ. ಒಂದೇ ಜಾಗದ ಚಿತ್ರಗಳನ್ನೆಲ್ಲ ಪಕ್ಕಪಕ್ಕ ಇಟ್ಟುಕೊಂಡು ನೋಡು.

ಪ್ರೀತಿಯಿಂದ,
ನಿನ್ನ ಅಕ್ಕ