ಎರಡು ಥೌ ಕಥೆ: ವೆಬ್ಲಿ ರಿವಾಲ್ವರಿಗೆ ಕಳಿಸಿದ ತಪ್ಪು ಗುಂಡು, ಅದಕ್ಕಿಂತ ತಪ್ಪು ಸಲಹೆ

ಗೆ,
ವ್ಯವಸ್ಥಾಪಕರು,
ಗ್ರಾಹಕ ಸೇವಾ ವಿಭಾಗ

ವಿಷಯ: .455 ವೆಬ್ಲಿಗೆಂದು ಬೇರೆ ಗುಂಡು, ಬೇರೆ ಕೇಸ್ (ತೋಟೆಯ ಹಿತ್ತಾಳೆ ಕವಚ) ಕಳಿಸಿದ್ದು ಮತ್ತು ಫೋನಿನಲ್ಲಿ ಕೊಟ್ಟ ಅಪಾಯದ ಸಲಹೆ

ಮಾನ್ಯರೇ,

ಅಮೆರಿಕದ ಅಂಗಡಿಗೆ ಕನ್ನಡದಲ್ಲಿ ಪತ್ರ ಬಂದಿದೆಯಲ್ಲ ಎಂದು ಗಾಬರಿ ಬೇಡ. ಕಳೆದ ವಾರ ಫೋನ್ ಎತ್ತಿದ ನಿಮ್ಮ ಸಿಬ್ಬಂದಿ ಹಾಸನದ ಕಡೆಯವರು. ನನ್ನ ಇಂಗ್ಲಿಷ್ ಕೇಳಿಯೇ ಊರು ಯಾವುದೆಂದು ಹಿಡಿದುಬಿಟ್ಟರು. "ಅಂಕಲ್, ಸಮಾಧಾನವಾಗಿ ಕನ್ನಡದಲ್ಲೇ ಬರೆದು ಕಳಿಸಿ, ನಾನು ಇಂಗ್ಲಿಷ್ ಮಾಡಿ ಮೇಲಿನವರಿಗೆ ಕೊಡ್ತೀನಿ" ಎಂದರು. ಅವರ ಮೇಲೆ ನನ್ನ ದೂರಿಲ್ಲ. ದೂರು ಇರುವುದು ಅವರು ಲೈನ್ ಕೊಟ್ಟ ತಾಂತ್ರಿಕ ವಿಭಾಗದವರ ಮೇಲೆ, ಮತ್ತು ನನ್ನ ಡಬ್ಬಿ ತುಂಬಿಸಿದವರ ಮೇಲೆ.

ನಾನು ಕೊಡಗಿನವನು. ಕೈಲ್‌ಪೊಳ್ದ್ ದಿನ ಕೋವಿಗೆ ಹೂವಿಟ್ಟು ಕೈಮುಗಿಯುವ ಮನೆಯಲ್ಲಿ ಬೆಳೆದವನು. ಮೂವತ್ತು ವರ್ಷದಿಂದ ಒಹಾಯೋದಲ್ಲಿದ್ದೇನೆ, ಕಾರ್ಖಾನೆಗೆ ಅಚ್ಚು, ಉಪಕರಣ ಮಾಡಿಕೊಡುವ ಟೂಲ್ ರೂಮಿನಲ್ಲಿ ಕೆಲಸ ಮಾಡಿ ನಿವೃತ್ತನಾದೆ. ನನ್ನ ಹತ್ತಿರ ಒಂದು ವೆಬ್ಲಿ ಮಾರ್ಕ್ 6 ಇದೆ. 1915ರಲ್ಲಿ ಬ್ರಿಟಿಷ್ ಸೈನ್ಯ ಒಪ್ಪಿಕೊಂಡ ಮಾದರಿ. ನನ್ನದರ ಮೇಲೆ 1917 ಎಂದು ಒತ್ತಿದೆ. ಇದರ ತೋಟೆ ಈಗ ಅಂಗಡಿಯಲ್ಲಿ ಸಿಗುವುದೇ ಅಪರೂಪ. ಸಿಕ್ಕರೂ ಬೆಲೆ ಕೇಳಿ ಸುಮ್ನೆ ವಾಪಸ್ ಬರಬೇಕು. ಹಾಗಾಗಿ ಖಾಲಿ ಕೇಸ್ ಇಟ್ಟುಕೊಂಡು, ಮದ್ದು, ಗುಂಡು ಹಾಕಿ ಮನೆಯಲ್ಲೇ ಮತ್ತೆ ತುಂಬಿಸುತ್ತೇನೆ. ತಿಂಗಳಿಗೊಮ್ಮೆ ಕ್ಲಬ್ಬಿನಲ್ಲಿ ಇಪ್ಪತ್ತು ಮೂವತ್ತು ಹೊಡೆದರೆ ಜಾಸ್ತಿ.

ನಿಮ್ಮಲ್ಲಿ ನಾನು ಕೇಳಿದ್ದು .455 ಮಾರ್ಕ್ 2ರ (ಇದು ತೋಟೆಯ ಮಾದರಿ, ರಿವಾಲ್ವರಿನದಲ್ಲ) 100 ಖಾಲಿ ಕೇಸ್ ಮತ್ತು 265 ಗ್ರೇನ್ (ಸುಮಾರು 17 ಗ್ರಾಂ) ತೂಕದ, ತಳ ಟೊಳ್ಳಾದ, ಮೃದು ಸೀಸದ 200 ಗುಂಡು. ಅಳತೆ 0.454 ಇಂಚು. ನಿಮ್ಮ ಪುಟದಲ್ಲಿ ಹೀಗೇ ಬರೆದಿತ್ತು, ಬಿಲ್ಲಿನಲ್ಲೂ ಹೀಗೇ ಇದೆ. ಬಂದದ್ದು 230 ಗ್ರೇನಿನ, ತಳ ಚಪ್ಪಟೆಯಾದ, ಉಗುರು ಒತ್ತಿದರೆ ಗುರುತೂ ಬೀಳದಷ್ಟು ಗಟ್ಟಿ ಗುಂಡು. ಅಳತೆ 0.452. ಅದು .45 ಆಟೋ, ಅಂದರೆ .45 ಎಸಿಪಿ ಪಿಸ್ತೂಲಿನ ಗುಂಡು. ಡಬ್ಬಿಯ ಮೇಲಿನ ಚೀಟಿ ಮಾತ್ರ ವೆಬ್ಲಿಯದು.

ಬಂದ ಕೂಡಲೇ ಅಳೆಯಬೇಕಿತ್ತು. ಅಳೆಯಲಿಲ್ಲ, ಅದು ನನ್ನ ತಪ್ಪು. ಜೀವಮಾನವಿಡೀ ಮೈಕ್ರೋಮೀಟರ್ ಹಿಡಿದವನು ಚೀಟಿ ನಂಬಿದೆ. ನನ್ನ ಹಳೆಯ ಕೇಸಿನಲ್ಲಿ, ಕೈಪಿಡಿಯಲ್ಲಿರುವ ಅತಿ ಕಡಿಮೆ ಮದ್ದು ಹಾಕಿ ಆರು ತುಂಬಿಸಿ ಹೊಡೆದೆ. ಹದಿನೈದು ಗಜದಲ್ಲಿ ನಾಲ್ಕು ಕಾಗದಕ್ಕೆ ಬಿದ್ದವು, ಅದರಲ್ಲಿ ಮೂರು ಅಡ್ಡಡ್ಡ. ಗುಂಡು ಮೂತಿ ಮುಂದಾಗಿ ಹೋಗದೆ ಉರುಳಿಕೊಂಡು ಹೋಗಿದೆ ಎಂದರ್ಥ. ನಳಿಗೆಯೊಳಗೆ ಅಂಟಿದ ಸೀಸ ಕೆರೆಯಲು ಒಂದು ಸಂಜೆ ಹಿಡಿಯಿತು.

ನಿಮಗೆ ಮೇಲ್ ಮಾಡಿದರೆ ಬಂದ ಉತ್ತರ: "ವ್ಯತ್ಯಾಸ ಎರಡು ಥೌ ಮಾತ್ರ, ತೊಂದರೆ ಇಲ್ಲ."

ಸ್ವಾಮಿ, ಇಂಚಿನ ಸಾವಿರದಲ್ಲಿ ಎರಡು ಭಾಗ ಎಂದರೆ ಎಷ್ಟು ಅಂತ ನನಗೆ ಹೇಳಿಕೊಡಬೇಡಿ. ಆದರೆ ಮಾತು ಎರಡು ಥೌ ಬಗ್ಗೆ ಅಲ್ಲವೇ ಅಲ್ಲ. ನನ್ನ ರಿವಾಲ್ವರಿನ ಸಿಲಿಂಡರಿನ, ಅಂದರೆ ಆರು ತೋಟೆ ಕೂರುವ ಉರುಳೆಯ, ಗುಂಡು ಹೊರಬೀಳುವ ಬಾಯಿ 0.450 ಇದೆ. ನಳಿಗೆಯ ಒಳಗೆ, ಗುಂಡು ತಿರುಗಲೆಂದು ಕೊರೆದ ಗೆರೆಯಿಂದ ಎದುರಿನ ಬದಿಗೆ 0.456. ವೆಬ್ಲಿಯ ನಳಿಗೆಗೆ ಏಳು ಗೆರೆ. ಬೆಸ ಸಂಖ್ಯೆ, ಸಾದಾ ಮೈಕ್ರೋಮೀಟರಿಗೆ ಸಿಗುವುದಿಲ್ಲ. ಸೀಸದ ತುಂಡು ಹಾಯಿಸಿ, ಹಳೆಯ ಟೂಲ್ ರೂಮಿಗೆ ಹೋಗಿ ವಿ ಆಕಾರದ ಮೈಕ್ರೋಮೀಟರಿನಲ್ಲಿ ಅಳೆಸಿ ಬಂದಿದ್ದೇನೆ. ಅಂದರೆ ಬಾಯಿ ಕಿರಿದು, ದಾರಿ ಅಗಲ. ಯಾವ ಗುಂಡಾದರೂ ಮೊದಲು ಬಾಯಲ್ಲಿ ಹಿಂಡಿಸಿಕೊಂಡೇ ಹೊರಗೆ ಬರಬೇಕು. ಆಮೇಲೆ ಮದ್ದಿನ ಒತ್ತಡಕ್ಕೆ ಟೊಳ್ಳು ತಳ ಅರಳಿ ನಳಿಗೆ ತುಂಬಿಕೊಳ್ಳಬೇಕು. ಮೃದು ಸೀಸ, ಟೊಳ್ಳು ತಳ ಎರಡೂ ಇರುವುದು ಅದಕ್ಕೇ. ನೀವು ಕಳಿಸಿದ ಗಟ್ಟಿ ಗುಂಡು ಬಾಯಲ್ಲಿ ಸಣ್ಣದಾಯಿತು, ಮತ್ತೆ ಅರಳಲಿಲ್ಲ. ದೊಡ್ಡ ಕೊಳವೆಯಲ್ಲಿ ಗೋಲಿ ಉರುಳಿದ ಹಾಗೆ ಹೋಯಿತು. ಅದೇ ಗುಂಡನ್ನು ನೀವು 0.454ಕ್ಕೆ ಎರಕ ಹೊಯ್ದು ಕೊಟ್ಟರೂ ಇದೇ ಪಾಡು.

ಕೇಸಿನ ಕಥೆ ಚಿಕ್ಕದು. ಅವು .45 ಕೋಲ್ಟ್ ಕೇಸನ್ನು ಗಿಡ್ಡ ಕತ್ತರಿಸಿದವು. ಹಾಗೆ ಮಾಡುವುದು ತಪ್ಪೇನಲ್ಲ, ನಾನೂ ಮಾಡಿದ್ದೇನೆ. ಆದರೆ ಕೋಲ್ಟ್ ಕೇಸಿನ ತಳದ ಅಂಚು ಸುಮಾರು 0.060 ಇಂಚು ದಪ್ಪ, ವೆಬ್ಲಿಗೆ ಬೇಕಿರುವುದು 0.040ರ ಆಸುಪಾಸು. ಉದ್ದ ಕತ್ತರಿಸಿದವರು ಅಂಚು ತೆಳು ಮಾಡುವುದನ್ನು ಮರೆತಿದ್ದಾರೆ. ಆರು ಖಾಲಿ ಕೇಸ್ ಹಾಕಿ ರಿವಾಲ್ವರ್ ಮುಚ್ಚಲು ಹೋದರೆ ಕೊಕ್ಕೆಯೇ ಬೀಳಲಿಲ್ಲ.

ಇಷ್ಟೇ ಆಗಿದ್ದರೆ ದುಡ್ಡು ವಾಪಸ್ ಕೇಳಿ ಸುಮ್ಮನಾಗುತ್ತಿದ್ದೆ. ನಿಮ್ಮ ತಾಂತ್ರಿಕ ವಿಭಾಗದವರು ಫೋನಿನಲ್ಲಿ ಹೇಳಿದ್ದು ಕೇಳಿ ನಿಜಕ್ಕೂ ಹೆದರಿಕೆಯಾಯಿತು. "ಇಷ್ಟೆಲ್ಲ ಯಾಕೆ ಕಷ್ಟ? ಸಿಲಿಂಡರಿನ ಹಿಂಭಾಗ ಸ್ವಲ್ಪ ಕೆತ್ತಿಸಿ, ತೋಟೆ ಹಿಡಿದಿಡೋ ಕ್ಲಿಪ್ ಹಾಕಿ ಅಂಗಡಿಯ .45 ಎಸಿಪಿ ಹೊಡೀರಿ. ಎಲ್ಲರೂ ಅದನ್ನೇ ಮಾಡೋದು."

ಹೌದು, ತುಂಬಾ ಜನ ಮಾಡಿದ್ದಾರೆ. ಎರಡನೇ ಮಹಾಯುದ್ಧ ಮುಗಿದ ಮೇಲೆ ಈ ದೇಶಕ್ಕೆ ರಾಶಿ ರಾಶಿ ವೆಬ್ಲಿ ಬಂದವು, ತೋಟೆ ಮಾತ್ರ ಸಿಗುತ್ತಿರಲಿಲ್ಲ. ಮಾರುವವರು ಸಿಲಿಂಡರ್ ಕೆತ್ತಿ ಮಾರಿದರು. ಆದರೆ .45 ಎಸಿಪಿಗೆ ಇಲ್ಲಿ ಒಪ್ಪಿರುವ ಗರಿಷ್ಠ ಒತ್ತಡ 21,000 ಪಿಎಸ್‌ಐ (ಚದರ ಇಂಚಿಗೆ ಇಷ್ಟು ಪೌಂಡ್). .455ಕ್ಕೆ ಯುರೋಪಿನ ಮಿತಿ 900 ಬಾರ್, ಅಂದರೆ ಸುಮಾರು 13,000 ಪಿಎಸ್‌ಐ. ಒಂದೂವರೆ ಪಟ್ಟಿಗಿಂತ ಜಾಸ್ತಿ ಆಯಿತಲ್ಲ? 265 ಗ್ರೇನ್ ಗುಂಡನ್ನು ಸೆಕೆಂಡಿಗೆ 600 ಅಡಿ ಆಸುಪಾಸಿನಲ್ಲಿ ನಿಧಾನಕ್ಕೆ ತಳ್ಳಲು ಮಾಡಿದ ರಿವಾಲ್ವರ್ ಇದು. ನೂರು ವರ್ಷ ದಾಟಿದ ಸಿಲಿಂಡರ್ ಒಡೆದರೆ ಹಾರುವ ಚೂರು ನಿಮ್ಮ ಕಚೇರಿಗೆ ಬರುವುದಿಲ್ಲ. ನನಗೆ ಇದು ಗೊತ್ತಿತ್ತು. ಅಜ್ಜನ ಪೆಟ್ಟಿಗೆಯಲ್ಲಿ ವೆಬ್ಲಿ ಸಿಕ್ಕಿ, ಮೊದಲ ಸಲ ನಿಮಗೆ ಫೋನ್ ಮಾಡುವ ಹುಡುಗನಿಗೆ ಗೊತ್ತಿರುತ್ತಾ?

ನಾನು ಗುಂಡು ಆರಿಸಿದ ನಿಮ್ಮ ಪುಟದ ಕೆಳಗೆ ಇನ್ನೊಂದು ಬ್ರಿಟಿಷ್ ರಿವಾಲ್ವರ್ ಎನ್‌ಫೀಲ್ಡ್ ನಂ. 2ಕ್ಕೂ .38 ಸ್ಪೆಷಲ್ ಗುಂಡೇ ಸಾಕು ಎಂದು ಬರೆದಿದ್ದೀರಿ. ಅದಕ್ಕೆ ಬೇಕಿರುವುದು 0.361, ಸ್ಪೆಷಲ್‌ನದು 0.358. ಅದನ್ನೂ ತಿದ್ದಿ.

ನನ್ನ 168 ಡಾಲರ್ ಪೂರ್ತಿ ವಾಪಸ್ ಬರಬೇಕು. ಮರಳಿಸುವ ಶುಲ್ಕವೆಂದು ನೀವು ಹಿಡಿಯಲು ಹೊರಟಿರುವ 15 ಶೇಕಡಾ, ಅಂದರೆ 25 ಡಾಲರ್ 20 ಸೆಂಟ್ ಕೊಡುವುದಿಲ್ಲ. ತಪ್ಪು ಸಾಮಾನು ಕಳಿಸಿದ್ದು ನೀವು. ಅಂಚೆ ಖರ್ಚೂ ನಿಮ್ಮದೇ. ಇದೇ ಚೀಟಿಯ ಡಬ್ಬಿ ಇನ್ನು ಯಾರಿಗೆಲ್ಲ ಹೋಗಿದೆಯೋ ಅವರಿಗೆಲ್ಲ ಈ ವಾರವೇ ತಿಳಿಸಿ. ಸಿಲಿಂಡರ್ ಕೆತ್ತಿಸಿ ಎನ್ನುವ ಸಲಹೆ ನಿಲ್ಲಿಸಿದ್ದೀರಿ ಎಂದು ನನಗೆ ಬರಹದಲ್ಲಿ ಕೊಡಿ. ದುಡ್ಡು ಎರಡು ವಾರ ತಡವಾದರೂ ಪರವಾಗಿಲ್ಲ, ಇದು ತಡವಾಗಬಾರದು.

ಅಡ್ಡ ತೂತು ಬಿದ್ದ ಕಾಗದದ ಫೋಟೋ, ಮೈಕ್ರೋಮೀಟರಿನ ಫೋಟೋ, ಬಿಲ್ಲಿನ ಪ್ರತಿ ಜೊತೆಗಿವೆ. ಗುಂಡಿನ ಡಬ್ಬಿ ಕಟ್ಟಿ ಇಟ್ಟಿದ್ದೇನೆ. ಅದರಲ್ಲಿ 194 ಇವೆ. ಆರು ಕಡಿಮೆ ಯಾಕೆಂದು ಮತ್ತೆ ಫೋನ್ ಮಾಡಬೇಡಿ, ಮೇಲೆ ಬರೆದಿದ್ದೇನೆ.

ಇಂತಿ,
ನಿಮ್ಮ ಹನ್ನೊಂದು ವರ್ಷದ ಗ್ರಾಹಕ