ಕಣ್ಣಿನ ಚೂರು ಕೊಟ್ಟವರಿಗೆ ಮೊದಲ ನಮಸ್ಕಾರ

ಕಳೆದ ವಾರ ಮಾನಸಗಂಗೋತ್ರಿಯಲ್ಲಿ ನನ್ನ ವೈವಾ ಮುಗಿಯಿತು. ಪಿಎಚ್‌.ಡಿ. ಆಯಿತು. ಫೋನ್ ಮಾಡಿ ಖುಷಿಪಟ್ಟ ಎಲ್ಲರಿಗೂ ಥ್ಯಾಂಕ್ಸ್. ಆದರೆ ನಾನು ಮೊದಲು ಕೈಮುಗಿಯಬೇಕಾದವರ ಹೆಸರು ನನಗೇ ಗೊತ್ತಿಲ್ಲ. ಪೊರೆ ಆಪರೇಷನ್‌ಗೆ ಬಂದು, ಸಂಶೋಧನೆಗೆ ಒಪ್ಪಿ ಸಹಿ ಹಾಕಿದವರು, ಹೆಬ್ಬೆಟ್ಟು ಒತ್ತಿದವರು ಅವರು. ನನ್ನ ಕೈಗೆ ಬರುತ್ತಿದ್ದದ್ದು ಒಂದು ನಂಬರ್, ವಯಸ್ಸು, ಶುಗರ್ ಇದೆಯೋ ಇಲ್ಲವೋ ಅನ್ನೋದು. ಅಷ್ಟೇ.

ಅವರು ಕೊಟ್ಟಿದ್ದೇನು ಅಂತ ತುಂಬ ಜನ ಕೇಳಿದ್ದಾರೆ. ಕಣ್ಣಿನ ಲೆನ್ಸ್ ಒಂದು ತೆಳು ಚೀಲದೊಳಗೆ ಇರುತ್ತದೆ. ಆಪರೇಷನ್ ಮಾಡುವಾಗ ಡಾಕ್ಟರು ಆ ಚೀಲದ ಮುಂಭಾಗದಿಂದ ಸುಮಾರು 5 ಮಿಲಿಮೀಟರ್ ಅಗಲದ ದುಂಡನೆಯ ತುಣುಕು ಬಿಡಿಸುತ್ತಾರೆ. ಮಂಜಾದ ಲೆನ್ಸ್ ಆಚೆ ಬರೋದು, ಹೊಸದು ಒಳಗೆ ಹೋಗೋದು ಆ ಕಿಂಡಿಯಿಂದಲೇ. ತುಣುಕು ಸಾಮಾನ್ಯವಾಗಿ ಕಸಕ್ಕೆ ಹೋಗುತ್ತದೆ. ಆದರೆ ಅದರ ಒಳಮೈಗೆ ಜೀವಕೋಶಗಳ ಒಂದೇ ಒಂದು ಪದರ ಅಂಟಿಕೊಂಡಿರುತ್ತದೆ. ಲೆನ್ಸಿಗೆ ರಕ್ತನಾಳ ಇಲ್ಲ. ಒಳಗಿನ ಕೋಶಗಳು ಬೆಳಕು ಹಾಯಲೆಂದು ತಮ್ಮ ನ್ಯೂಕ್ಲಿಯಸ್ಸನ್ನೇ ಕಳೆದುಕೊಂಡಿರುತ್ತವೆ. ನಾವು ಹುಟ್ಟುವ ಮೊದಲೇ ಆದ ಪ್ರೋಟೀನು ನಟ್ಟನಡುವೆ ಕೊನೆತನಕ ಹಾಗೇ ಇರಬೇಕು. ಇಷ್ಟನ್ನೂ ನೋಡಿಕೊಳ್ಳಲು ಇರೋದು ಈ ಪದರ. ಶುಗರ್ ಜಾಸ್ತಿಯಾದರೆ ಆಲ್ಡೋಸ್ ರಿಡಕ್ಟೇಸ್ ಎಂಬ ಕಿಣ್ವ ಗ್ಲೂಕೋಸನ್ನು ಸಾರ್ಬಿಟಾಲ್ ಮಾಡುತ್ತದೆ. ಅದು ಸುಲಭಕ್ಕೆ ಆಚೆ ಹೋಗದೆ ಕೋಶದೊಳಗೇ ಕೂತು ನೀರು ಎಳೆದುಕೊಳ್ಳುತ್ತದೆ. ನಾನು ನೋಡುತ್ತಿದ್ದದ್ದು ಅದನ್ನೇ.

ಆಪರೇಷನ್ ಥಿಯೇಟರಿನ ಸಿಸ್ಟರ್‌ಗೆ ವಿಶೇಷ ವಂದನೆ. ಒಂದರ ಹಿಂದೆ ಒಂದು ಕೇಸ್ ಓಡುತ್ತಿದ್ದರೂ ಆ ತುಣುಕನ್ನು ಇಕ್ಕಳದ ತುದಿಯಿಂದ ನನ್ನ ಸೀಸೆಗೆ ಇಳಿಸುತ್ತಿದ್ದರು. ಈರುಳ್ಳಿಯ ಒಳಸಿಪ್ಪೆಯಂತೆ ಸುರುಳಿ ಸುತ್ತಿಕೊಳ್ಳುವ ವಸ್ತು ಅದು. ಡಾಕ್ಟರು ನೀಲಿ ಬಣ್ಣ ಹಾಕಿದ್ದರೆ ಗುಲಾಬಿ ದ್ರವದಲ್ಲಿ ಕಾಣುತ್ತಿತ್ತು. ಇಲ್ಲದಿದ್ದರೆ ಸೀಸೆ ಖಾಲಿಯೇ ಅನ್ನಿಸುತ್ತಿತ್ತು. "ಇದೆ ಸರ್, ಬೆಳಕಿಗೆ ಹಿಡಿದು ನೋಡಿ" ಅನ್ನೋರು ಅವರು.

ಲ್ಯಾಬಿನ ಜೂನಿಯರ್‌ಗಳಿಗೆ ನಾನು ಸಾಲಗಾರ. ಆ ತುಣುಕಿನ ಕೋಶಗಳನ್ನು ತಟ್ಟೆಗಳಲ್ಲಿ, ದ್ರವದೊಳಗೆ ಬೆಳೆಸಬೇಕಿತ್ತು. ಕೋಶಗಳಿಗೆ ದಸರಾ ರಜೆ ಅಂತ ಇಲ್ಲ, ಅಲ್ವಾ? ಎರಡು ಮೂರು ದಿನಕ್ಕೊಮ್ಮೆ ದ್ರವ ಬದಲಿಸಲೇಬೇಕು. ಜಂಬೂಸವಾರಿ ದಿನ ಸಯ್ಯಾಜಿರಾವ್ ರಸ್ತೆ ದಾಟೋಕಾಗದೆ ಊರೆಲ್ಲ ಸುತ್ತಿ ಬಂದು ಆ ಕೆಲಸ ಮಾಡಿದವರಿದ್ದಾರೆ. ವಯಸ್ಸಾದವರ ಕೋಶಗಳು ಬೆಳೆಯೋದೇ ನಿಧಾನ. ಒಂದು ಮಳೆಗಾಲದಲ್ಲಿ ಕೋಶಗಳನ್ನು ಬೆಚ್ಚಗೆ ಇಡುವ ಪೆಟ್ಟಿಗೆಗೆ, ಅಂದರೆ ಇನ್‌ಕ್ಯುಬೇಟರಿಗೆ, ಬೂಸ್ಟು ಹತ್ತಿ ಎಲ್ಲ ತಟ್ಟೆಗಳನ್ನೂ ಎಸೆಯಬೇಕಾಯಿತು. ಅವತ್ತು ಯಾರೂ ಬುದ್ಧಿ ಹೇಳಲಿಲ್ಲ. ಸುಮ್ನೆ ಕ್ಯಾಂಟೀನಿಗೆ ಕರೆದುಕೊಂಡು ಹೋದರು. ಅಟೆಂಡರ್ ಅಣ್ಣ ಕರೆಂಟ್ ಹೋದಾಗೆಲ್ಲ ಇನ್‌ಕ್ಯುಬೇಟರಿನ ಗ್ಯಾಸ್ ಸಿಲಿಂಡರ್ ನೋಡಿ ಫೋನ್ ಮಾಡುತ್ತಿದ್ದರು. ಗೈಡ್‌ಗೆ ಎದುರಿಗೇ ಹೇಳಿದ್ದೇನೆ, ಇಲ್ಲಿ ಬರೆದರೆ ಬೈಯುತ್ತಾರೆ.

ನೆಂಟರಿಗೆ ಒಂದು ಮಾತು: ಪೊರೆ ಕರಗಿಸುವ ಡ್ರಾಪ್ಸ್ ನನ್ನ ಹತ್ತಿರ ಇಲ್ಲ. ಯಾರ ಹತ್ತಿರವೂ ಇಲ್ಲ. ಕಣ್ಣು ಮಂಜಾಗಿದ್ದರೆ ಡಾಕ್ಟರ ಹತ್ತಿರ ಹೋಗಿ. ಪೊರೆಗೆ ಇವತ್ತಿಗೂ ಆಪರೇಷನ್ನೇ ಮದ್ದು.

ಇನ್ನು ಮದ್ದೂರಿನಲ್ಲಿರುವ ಅಪ್ಪ, ಅಮ್ಮ. ನನ್ನ ಫೆಲೋಶಿಪ್ಪೂ ಅಪ್ಪನ ಕಬ್ಬಿನ ದುಡ್ಡೂ ಒಟ್ಟಿಗೇ ತಡವಾದ ತಿಂಗಳುಗಳಿದ್ದವು. ಆಗಲೂ ರೂಮಿನ ಬಾಡಿಗೆ ಬಂತು. ಎಲ್ಲಿಂದ ಅಂತ ಅಮ್ಮ ಇವತ್ತಿಗೂ ಬಾಯಿಬಿಟ್ಟಿಲ್ಲ. "ಡಾಕ್ಟರ್ ಆದೆಯಲ್ಲ, ಸಂಬಳ ಯಾವಾಗಿಂದ?" ಅಂತ ಅಪ್ಪ ಕೇಳಿದ್ದಾರೆ. ಅರ್ಜಿ ಹಾಕಿದ್ದೇನೆ ಅಂತ ಹೇಳಿದ್ದೇನೆ.